ಕಾಲಿನ ನಾರು, ಬಾವಿಯ ನೀರು

ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಹದಿಮೂರು ತಿಂಗಳು ಮೊದಲು, 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಭಾರತದ ಕೊನೆಯ ನಾರುಹುಣ್ಣಿನ ರೋಗಿ ಪತ್ತೆಯಾಗಿದ್ದರು. ಹಾಗೆ ಲೆಕ್ಕ ಹಾಕಿದರೆ ಬಾಗಲಕೋಟೆ ಜಿಲ್ಲೆ ನಾರುಹುಣ್ಣಿನ ಮುಖ ನೋಡಿಯೇ ಇಲ್ಲ. ಆದರೆ ಜಿಲ್ಲೆಯ ಊರುಗಳು ನೋಡಿವೆ. ಬಾದಾಮಿ, ಹುನಗುಂದ, ಇಳಕಲ್ ಎಲ್ಲವೂ ವಿಜಾಪುರ ಜಿಲ್ಲೆಯೊಳಗಿದ್ದ ಕಾಲದಲ್ಲಿ ಇದು ನಾರುಹುಣ್ಣಿನ ಸೀಮೆಯಾಗಿತ್ತು. ಎಪ್ಪತ್ತು ದಾಟಿದ ಹಿರಿಯರನ್ನು ಕೇಳಿದರೆ ಆ ಹೆಸರು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಕಣಕಾಲಿನ ಕಡೆ ಹೋಗುತ್ತದೆ. ಅವರ ಮೊಮ್ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ.

ಒಂದು ರೋಗದ ಹೆಸರು ಎರಡು ತಲೆಮಾರಿನಲ್ಲಿ ಮರೆತುಹೋಗುವುದು ಸಣ್ಣ ಸಾಧನೆಯಲ್ಲ. ಈ ರೋಗ ತರುವ ಹುಳುವಿಗೆ ಇವತ್ತಿಗೂ ಔಷಧವಿಲ್ಲ, ಲಸಿಕೆಯೂ ಇಲ್ಲ. ಔಷಧವಿಲ್ಲದ ರೋಗ ಹೋದದ್ದು ಹೇಗೆ? ಯಾರು ಯಾವಾಗ ಏನನ್ನು ಕಂಡುಕೊಂಡರು? ಕಂಡದ್ದು ನಮ್ಮ ಬಾವಿಯ ದಂಡೆಗೆ ಬರಲು ಎಷ್ಟು ಕಾಲ ಹಿಡಿಯಿತು? ಈ ಪ್ರಶ್ನೆಗಳ ಎಳೆ ಹಿಡಿದು ಹಿಂದಕ್ಕೆ ಹೋದರೆ ಹದಿನೇಳನೆಯ ಶತಮಾನದ ಇಬ್ಬರು ಜರ್ಮನ್ ವೈದ್ಯರು ಸಿಗುತ್ತಾರೆ. ಒಬ್ಬ ಗ್ರಂಥಗಳ ನಡುವೆ ಕುಳಿತು ಈ ಹುಳುವನ್ನು ಹುಡುಕಿದವನು. ಇನ್ನೊಬ್ಬ ಪಾರಸಿ ಕೊಲ್ಲಿಯ ಸುಡುಬಿಸಿಲಿನಲ್ಲಿ ರೋಗಿಯ ಕಾಲಿನ ಮುಂದೆ ಕುಳಿತು ನೋಡಿದವನು. ಎರಡನೆಯವನ ಹೆಸರು ಎಂಗೆಲ್ಬರ್ಟ್ ಕೆಂಪ್ಫರ್. ಆತ ಬಾದಾಮಿಗಾಗಲಿ ಹುನಗುಂದಕ್ಕಾಗಲಿ ಬಂದವನಲ್ಲ. ಆದರೂ ಈ ಸೀಮೆಯ ಒಂದು ದೊಡ್ಡ ನೋವಿನ ಚರಿತ್ರೆ ಬರೆಯುವಾಗ ಅವನನ್ನು ಬಿಟ್ಟು ಮುಂದೆ ಹೋಗಲಾಗದು.

ನಾರು, ದಾರ, ನರ, ಹಾವು

ಮೊದಲು ಹುಳುವಿನ ವಿಚಾರ. ಹೆಣ್ಣುಹುಳು ಎರಡು ಅಡಿಯಿಂದ ಮೂರು ಅಡಿಯವರೆಗೆ ಉದ್ದ ಬೆಳೆಯುತ್ತದೆ, ದಪ್ಪ ಮಾತ್ರ ಎರಡು ಮಿಲಿಮೀಟರಿನಷ್ಟು. ಗಂಡು ಕೆಲವೇ ಸೆಂಟಿಮೀಟರಿನದು, ಕೂಡಿಕೆ ಮುಗಿದ ಮೇಲೆ ದೇಹದೊಳಗೇ ಸಾಯುತ್ತದೆ. ಹೆಣ್ಣು ಚರ್ಮದ ಕೆಳಗೆ ಹರಿದಾಡುತ್ತ ಹೆಚ್ಚಾಗಿ ಕಾಲಿನ ಕಡೆಗೆ ಇಳಿಯುತ್ತದೆ. ಸುಮಾರು ಒಂದು ವರ್ಷದ ಬಳಿಕ ಹಿಮ್ಮಡಿ, ಕಣಕಾಲು, ಪಾದ, ಎಲ್ಲೋ ಒಂದು ಕಡೆ ಗುಳ್ಳೆ ಏಳುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ಹುಳು ಕಾಯುತ್ತಿದ್ದುದು ಅದಕ್ಕೇ. ನೀರು ತಾಗಿದ ಕೂಡಲೇ ಗುಳ್ಳೆ ಒಡೆದು, ಹುಳುವಿನ ತಲೆ ಹೊರಬಂದು, ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಚೆಲ್ಲುತ್ತದೆ.

ಹೊರಗೆ ಕಾಣುವುದು ಬಿಳಿ ದಾರದಂಥ ಒಂದು ತುದಿ ಮಾತ್ರ. ಅದು ಏನು ಎಂಬ ಗೊಂದಲ ಲೋಕದ ಎಲ್ಲ ಭಾಷೆಗಳಲ್ಲೂ ಹೆಸರಾಗಿ ಉಳಿದಿದೆ. ನಮ್ಮವರು ಕತ್ತಾಳೆಯ ನಾರಿಗೆ ಹೋಲಿಸಿ ನಾರುಹುಣ್ಣು ಎಂದರು. ಪಾರಸಿಯವರು ರಿಶ್ತಾ ಎಂದರು, ಅಂದರೆ ದಾರ. ನಮ್ಮ ಆಯುರ್ವೇದದ ಗ್ರಂಥಗಳು ಸ್ನಾಯುಕ ಎಂದು ಕರೆದವು. ಅರಬ್ಬರು ಅದನ್ನು ರಕ್ತನಾಳದ ಸಾಲಿಗೆ ಸೇರಿಸಿ ಮದೀನಾ ಊರಿನ ನಾಳ ಎಂದರು. ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಬಳಸಿದ್ದು ಅದೇ ಹೆಸರು. ಗ್ರೀಕರು, ಲ್ಯಾಟಿನರು ಸಣ್ಣ ಹಾವು ಎಂಬ ಅರ್ಥದ ಹೆಸರಿಟ್ಟರು. ನಾರು, ದಾರ, ಸ್ನಾಯು, ನಾಳ, ಹಾವು: ಈ ಐದರಲ್ಲಿ ಜೀವವಿರುವುದು ಕೊನೆಯದಕ್ಕೆ ಮಾತ್ರ. ಹೊರಬರುವ ವಸ್ತುವಿಗೆ ಜೀವವಿದೆಯೇ, ಅಥವಾ ನಮ್ಮದೇ ದೇಹದ ಕೊಳೆತ ಎಳೆಯೇ ಎಂಬ ವಾದ ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ನಡೆಯಿತು. ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯ ಲಾರೆಯಂಥವನೂ ಅದನ್ನು ಹುಳುವೆಂದು ಒಪ್ಪಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಇಂಥ ಗೊಂದಲವಿರಲಿಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಬೇಕು. ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆಯಬೇಕು. ಅವಸರ ಮಾಡಿದರೆ ಹುಳು ತುಂಡಾಗಿ ಒಳಗೆ ಉಳಿದು ಕಾಲು ಕೀವುಗಟ್ಟುತ್ತದೆ. ಇಬ್ನ್ ಸೀನಾ ಸೀಸದ ತುಂಡಿಗೆ ಸುತ್ತಲು ಹೇಳಿದ್ದ, ಅದರ ಭಾರಕ್ಕೆ ಹುಳು ತಾನಾಗಿ ಮೆಲ್ಲಗೆ ಇಳಿದು ಬರಲಿ ಎಂದು. ನಮ್ಮ ಹಳ್ಳಿಗಳಲ್ಲೂ ಕೈ ಪಳಗಿದವರು ಹೀಗೇ ನಾರು ತೆಗೆಯುತ್ತಿದ್ದರು. ಮೇಲೆ ಸೊಪ್ಪಿನ ಪಟ್ಟು, ಒಳಗೆ ಇಂಗಿನ ಮದ್ದು. ಮಧ್ಯಪ್ರಾಚ್ಯದಿಂದ ದಖ್ಖನಿನವರೆಗೆ, ಒಬ್ಬರನ್ನೊಬ್ಬರು ಕಾಣದ ಜನ ಒಂದೇ ಉಪಾಯ ಮಾಡಿದ್ದರು. ವೈದ್ಯಶಾಸ್ತ್ರದ ಗುರುತಾದ ಕೋಲು ಮತ್ತು ಹಾವಿನ ಚಿತ್ರ ಈ ಕಡ್ಡಿ ಮತ್ತು ಹುಳುವಿನಿಂದಲೇ ಬಂದಿರಬಹುದು ಎಂದು ಕೆಲವರು ಊಹಿಸುತ್ತಾರೆ. ಊಹೆಯೇ ಇರಲಿ, ಎಷ್ಟು ಹಳೆಯ ನಂಟು ಎಂಬುದನ್ನು ಅದು ಹೇಳುತ್ತದೆ.

ಗ್ರಂಥದಲ್ಲಿ ಹುಡುಕಿದವನು

ಇಬ್ಬರು ಜರ್ಮನ್ನರಲ್ಲಿ ಹಿರಿಯ ಗೇಯೋರ್ಗ್ ಹಿರೋನಿಮಸ್ ವೆಲ್ಷ್. 1624ರಲ್ಲಿ ಹುಟ್ಟಿ 1677ರಲ್ಲಿ ತೀರಿಕೊಂಡ ಈತ ಆಗ್ಸ್‌ಬರ್ಗ್ ನಗರದ ವೈದ್ಯ, ಹಲವು ಭಾಷೆ ಬಲ್ಲ ಪಂಡಿತ. 1674ರಲ್ಲಿ ಆತ ಈ ಒಂದೇ ರೋಗದ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಇಡೀ ಗ್ರಂಥ ಪ್ರಕಟಿಸಿದ. ಇಬ್ನ್ ಸೀನಾನ ಅಧ್ಯಾಯವನ್ನು ಆಧಾರವಾಗಿಟ್ಟುಕೊಂಡು, ಗ್ರೀಕ್, ಅರಬ್ಬೀ, ಲ್ಯಾಟಿನ್ ಲೇಖಕರು ಹೇಳಿದ್ದನ್ನೆಲ್ಲ ಒಂದೆಡೆ ತಂದು, ಒಂದಕ್ಕೊಂದು ಹೋಲಿಸಿ ತೂಗಿದ. ಹುಳುವನ್ನು ಕಡ್ಡಿಗೆ ಸುತ್ತುವ ಚಿತ್ರಗಳನ್ನೂ ಹಾಕಿಸಿದ.

ಹಿಮ ಬೀಳುವ ಆಗ್ಸ್‌ಬರ್ಗಿನಲ್ಲಿ ನಾರುಹುಣ್ಣು ಇರುವ ಹಾಗೇ ಇಲ್ಲ. ಆದರೂ ದೂರದ ಬಿಸಿಲ ನಾಡಿನ ರೋಗಕ್ಕೆ ಒಬ್ಬ ವೈದ್ಯ ಅಷ್ಟು ವರ್ಷ ಮೀಸಲಿಟ್ಟನೆಂದರೆ ಅದಕ್ಕೆ ಗೌರವ ಸಲ್ಲಬೇಕು. ಆ ಕಾಲದ ವೈದ್ಯವಿದ್ಯೆ ಎಂದರೆ ಬಹುಪಾಲು ಗ್ರಂಥವಿದ್ಯೆಯೇ. ಹಿರಿಯರು ಏನು ಹೇಳಿದರು, ಅವರ ಮಾತಿನ ಸರಿಯಾದ ಅರ್ಥವೇನು ಎಂಬುದೇ ಮುಖ್ಯ. ವೆಲ್ಷ್ ಆ ದಾರಿಯಲ್ಲಿ ಹೋಗಬಹುದಾದಷ್ಟು ದೂರ ಹೋದ. ಅಲ್ಲಿಂದ ಮುಂದೆ ಗ್ರಂಥದಲ್ಲಿ ದಾರಿ ಇರಲಿಲ್ಲ. ರೋಗ ಇರುವ ಊರಿಗೆ ಯಾರಾದರೂ ಹೋಗಬೇಕಿತ್ತು.

ಲೆಮ್ಗೊದಿಂದ ಗೊಂಬ್ರೂನಿಗೆ

ಹೋದವನು ಕೆಂಪ್ಫರ್. ಹುಟ್ಟಿದ್ದು 1651ರ ಸೆಪ್ಟೆಂಬರ್ 16ರಂದು, ಉತ್ತರ ಜರ್ಮನಿಯ ಲೆಮ್ಗೊ ಎಂಬ ಸಣ್ಣ ಊರಿನಲ್ಲಿ, ಪಾದ್ರಿಯ ಮಗನಾಗಿ. ಮೂವತ್ತು ವರ್ಷದ ಯುದ್ಧ ಮುಗಿದು ಆಗಿನ್ನೂ ಮೂರು ವರ್ಷವಾಗಿತ್ತು. ಲೆಮ್ಗೊ ಆ ದಿನಗಳಲ್ಲಿ ಮಾಟಗಾತಿಯರ ವಿಚಾರಣೆಗೆ ಕುಖ್ಯಾತ. ಊರಿನ ಒಬ್ಬ ಪಾದ್ರಿ, ಆಂಡ್ರಿಯಾಸ್ ಕೋಖ್, 1666ರಲ್ಲಿ ಅದೇ ಆರೋಪದ ಮೇಲೆ ಮರಣದಂಡನೆಗೆ ಗುರಿಯಾದ. ಆಗ ಕೆಂಪ್ಫರನಿಗೆ ಹದಿನಾಲ್ಕು ವರ್ಷ. ಕಣ್ಣಿನಿಂದ ಕಾಣದ್ದಕ್ಕೆ ಸಾಕ್ಷಿ ಹೇಳಿ ನೆರೆಯವರನ್ನು ಕೊಲ್ಲುವ ಊರಿನಲ್ಲಿ ಬೆಳೆದ ಹುಡುಗ, ಮುಂದೆ ಕಂಡದ್ದನ್ನಷ್ಟೇ ಬರೆಯುವೆನೆಂದು ಹಟ ಹಿಡಿದದ್ದರಲ್ಲಿ ನನಗೆ ಒಂದು ಸಂಬಂಧ ಕಾಣುತ್ತದೆ.

ಓದಿಗಾಗಿ ಆತ ಊರೂರು ಅಲೆದ. ಲ್ಯೂನೆಬುರ್ಗ್, ಲ್ಯೂಬೆಕ್, ಡಾಂಜಿಗ್, ಕ್ರಾಕೋ, ಕ್ಯೋನಿಗ್ಸ್‌ಬರ್ಗ್, ಕೊನೆಗೆ ಸ್ವೀಡನ್ನಿನ ಉಪ್ಸಾಲಾ. 1683ರಲ್ಲಿ ಸ್ವೀಡನ್ನಿನ ರಾಜ ಪಾರಸಿ ದೇಶಕ್ಕೆ ಕಳಿಸಿದ ನಿಯೋಗದ ಕಾರ್ಯದರ್ಶಿಯಾಗಿ ಹೊರಟ. ಮಾಸ್ಕೋ, ಅಸ್ತ್ರಖಾನ್, ಕ್ಯಾಸ್ಪಿಯನ್ ಸಮುದ್ರ, ನೆಲದಿಂದ ಬೆಂಕಿ ಏಳುವ ಬಾಕು ದಾಟಿ 1684ರಲ್ಲಿ ಇಸ್ಫಹಾನ್ ಮುಟ್ಟಿದ. ನಿಯೋಗ ಹಿಂದಿರುಗಿದರೂ ಆತ ಹಿಂದಿರುಗಲಿಲ್ಲ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಶಸ್ತ್ರವೈದ್ಯನ ಕೆಲಸ ಹಿಡಿದು 1685ರ ಕೊನೆಗೆ ಪಾರಸಿ ಕೊಲ್ಲಿಯ ಬಂದರು ಗೊಂಬ್ರೂನಿಗೆ ಇಳಿದ. ಅದು ಇವತ್ತಿನ ಬಂದರ್ ಅಬ್ಬಾಸ್.

ಅಲ್ಲಿ ಎರಡೂವರೆ ವರ್ಷ. ಬಿಸಿಲು, ಜ್ವರ, ಉಪ್ಪುನೀರು. ಜ್ವರದಿಂದ ಆತ ಸಾವಿನ ಬಾಗಿಲು ತಟ್ಟಿ ಬಂದ. ಆದರೂ ನೋಡುವುದನ್ನು ಬಿಡಲಿಲ್ಲ. ಖರ್ಜೂರದ ಮರ ಬೆಳೆಸುವ ಬಗೆ, ಕೊಲ್ಲಿಯ ಮೀನಿನ ವಿದ್ಯುತ್ ಹೊಡೆತ, ಲಾರ್ ಸೀಮೆಯ ಬೆಟ್ಟಗಳಲ್ಲಿ ಗಿಡದ ಬೇರು ಸೀಳಿ ಇಂಗು ತೆಗೆಯುವ ಕ್ರಮ, ಎಲ್ಲವನ್ನೂ ಬರೆದಿಟ್ಟ. ಬಾಗಲಕೋಟೆಯ ಒಗ್ಗರಣೆಗೆ ಬೀಳುವ ಇಂಗು ಯಾವ ಗಿಡದಿಂದ, ಹೇಗೆ ಬರುತ್ತದೆ ಎಂಬುದನ್ನು ಗಿಡದ ಬುಡದಲ್ಲೇ ಕುಳಿತು ವಿವರವಾಗಿ ಬರೆದ ಮೊದಲ ಯುರೋಪಿಯನ್ನರ ಸಾಲಿನಲ್ಲಿ ಆತನಿದ್ದಾನೆ. ನಾರುಹುಣ್ಣಿಗೆ ನಮ್ಮವರು ಕೊಡುತ್ತಿದ್ದ ಇಂಗನ್ನೂ, ನಾರುಹುಣ್ಣನ್ನೂ ಒಂದೇ ಕರಾವಳಿಯಲ್ಲಿ ಕಂಡವನು.

1688ರಲ್ಲಿ ಅಲ್ಲಿಂದ ಹಡಗು ಹತ್ತಿ ಮಲಬಾರ್ ಕರಾವಳಿ, ಸಿಂಹಳದ ದಾರಿಯಾಗಿ 1689ರಲ್ಲಿ ಜಾವಾದ ಬಟಾವಿಯಾ ಸೇರಿದ. ಮಲಬಾರಿನಲ್ಲಿ ಆತ ಕಂಡದ್ದರಲ್ಲಿ ಕಾಲಿನ ಒಂದು ರೋಗವೂ ಇತ್ತು. ಅದಕ್ಕೆ ಲ್ಯಾಟಿನ್ ಹೆಸರು ಹುಡುಕುವ ಬದಲು ಅಲ್ಲಿಯ ಜನ ಹೇಳುವ ಹಾಗೇ ‘ಪೆರಿಕಾಲ್’ ಎಂದು ಬರೆದ. ಮಲಯಾಳದ ‘ಪೆರಿ’ ನಮ್ಮ ‘ಹಿರಿ’ಯೇ, ಕನ್ನಡಿಗನ ಕಿವಿಗೆ ಅದು ನೇರವಾಗಿ ಹಿರಿಗಾಲು ಎಂದು ಕೇಳುತ್ತದೆ. ರೋಗಿ ತನ್ನ ನೋವಿಗೆ ಕೊಟ್ಟ ಹೆಸರನ್ನು ವೈದ್ಯ ತನ್ನ ಗ್ರಂಥದಲ್ಲಿ ಉಳಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತು.

ಆಮೇಲಿನ ಕಥೆ ಹೆಚ್ಚು ಜನಕ್ಕೆ ಗೊತ್ತು. ಸಿಯಾಮ್ ನೋಡಿಕೊಂಡು 1690ರಲ್ಲಿ ಜಪಾನಿನ ನಾಗಸಾಕಿ ಸೇರಿದ. ವಿದೇಶಿಯರನ್ನು ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಕೂಡಿಹಾಕುತ್ತಿದ್ದ ಕಾಲ. ಎರಡು ವರ್ಷದಲ್ಲಿ ಎರಡು ಸಲ ಎದೋ ನಗರಕ್ಕೆ ಹೋಗಿ ಶೋಗನ್ ತ್ಸುನಾಯೋಶಿಯ ದರ್ಬಾರು ಕಂಡ. ಸೂಜಿ ಚಿಕಿತ್ಸೆ, ಚಹಾ, ಗಿಂಕ್ಗೊ ಮರ ಇವುಗಳ ಬಗ್ಗೆ ಯುರೋಪಿಗೆ ವಿವರ ತಲುಪಿಸಿದ. 1693ರಲ್ಲಿ ಆಮ್‌ಸ್ಟರ್‌ಡಾಮಿಗೆ ಮರಳಿ, 1694ರಲ್ಲಿ ಲೈಡನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ. ಪದವಿಗಾಗಿ ಸಲ್ಲಿಸಿದ ಪ್ರಬಂಧದಲ್ಲಿ ತಾನು ಪರದೇಶಗಳಲ್ಲಿ ಕಂಡ ಹತ್ತು ಸಂಗತಿಗಳನ್ನು ವಿವರಿಸಿದ. ಅವುಗಳಲ್ಲಿ ಒಂದು, ಪಾರಸಿ ಕೊಲ್ಲಿಯ ನಾರುಹುಳು.

ಊರಿಗೆ ಮರಳಿದ ಮೇಲೆ ಬದುಕು ಸುಖವಾಗಿರಲಿಲ್ಲ. ಲಿಪ್ಪೆ ಸಂಸ್ಥಾನದ ಅರಸನ ಆಸ್ಥಾನ ವೈದ್ಯನ ಕೆಲಸ ಬಿಡುವು ಕೊಡಲಿಲ್ಲ. 1700ರಲ್ಲಿ ಆದ ಮದುವೆ ಮನಸ್ತಾಪದಲ್ಲೇ ನಡೆಯಿತು, ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಊರೂರು ಸುತ್ತಿ ತಂದ ಟಿಪ್ಪಣಿಗಳು ಪುಸ್ತಕವಾಗಲು ಹತ್ತೊಂಬತ್ತು ವರ್ಷ ಹಿಡಿಯಿತು. 1712ರಲ್ಲಿ ಲೆಮ್ಗೊದಲ್ಲೇ ಅಚ್ಚಾದ ‘ಅಮೀನಿಟಾಟೆಸ್ ಎಕ್ಸೋಟಿಕೆ’ ಐದು ಭಾಗಗಳ ದೊಡ್ಡ ಲ್ಯಾಟಿನ್ ಗ್ರಂಥ. ಬದುಕಿದ್ದಾಗ ಆತ ಪ್ರಕಟಿಸಿದ ದೊಡ್ಡ ಪುಸ್ತಕ ಅದೊಂದೇ. 1716ರ ನವೆಂಬರ್ 2ರಂದು ತೀರಿಕೊಂಡ. ಉಳಿದ ಹಸ್ತಪ್ರತಿಗಳನ್ನು ಲಂಡನ್ನಿನ ಹಾನ್ಸ್ ಸ್ಲೋನ್ ಕೊಂಡುಕೊಂಡ; ಜಪಾನಿನ ಚರಿತ್ರೆ 1727ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಆ ಪ್ರಸಿದ್ಧಿಯ ನೆರಳಿನಲ್ಲಿ ನಾರುಹುಳುವಿನ ಪುಟಗಳು ಮರೆಯಾದವು.

ಕಂಡದ್ದು, ಕಾಣದೆ ಉಳಿದದ್ದು

ಆ ಪುಟಗಳ ಬೆಲೆ ಏನು? ಕೆಂಪ್ಫರ್ ರೋಗ ಗುಣಪಡಿಸುವ ಹೊಸ ದಾರಿ ಕಂಡುಹಿಡಿಯಲಿಲ್ಲ. ಕಡ್ಡಿಗೆ ಸುತ್ತುವ ಹಳೆಯ ಉಪಾಯವನ್ನೇ ವಿವರಿಸಿದ. ಆದರೆ ನೂರಾರು ವರ್ಷ ಗ್ರಂಥದಿಂದ ಗ್ರಂಥಕ್ಕೆ ನಕಲಾಗುತ್ತ ಬಂದ ಮಾತಿನ ಜಾಗದಲ್ಲಿ ಒಬ್ಬ ವೈದ್ಯ ಕಣ್ಣಾರೆ ಕಂಡ ಮಾತನ್ನು ಇಟ್ಟ. ನಾಳವೋ ಸ್ನಾಯುವೋ ಎಂಬ ತರ್ಕಕ್ಕೆ ಹೋಗದೆ ಅದನ್ನು ಜೀವವಿರುವ ಹುಳುವೆಂದೇ ಬರೆದ. ಯಾವ ಊರು, ಯಾವ ಕರಾವಳಿ ಎಂದು ನೆಲದ ಗುರುತು ಹೇಳಿದ. ರೋಗವನ್ನು ಅದು ಇರುವ ಜಾಗದ ಜೊತೆ ಸೇರಿಸಿ ನೋಡಬೇಕೆಂಬ ತಿಳಿವಳಿಕೆ ಅಲ್ಲಿದೆ. ಮುಂದೆ ಈ ರೋಗವನ್ನು ಸೋಲಿಸಿದ್ದು ಅದೇ ತಿಳಿವಳಿಕೆ.

ಕೊಲ್ಲಿಯ ಊರುಗಳಲ್ಲಿ ಮಳೆನೀರನ್ನು ದೊಡ್ಡ ತೊಟ್ಟಿಗಳಲ್ಲಿ ಕೂಡಿಟ್ಟು ವರ್ಷವಿಡೀ ಕುಡಿಯುತ್ತಿದ್ದರು. ಕೆಂಪ್ಫರನಿಗಿಂತ ಮೊದಲು ಆ ದಾರಿಯಲ್ಲಿ ಹೋದ ಪ್ರವಾಸಿಗಳೂ, ಅಲ್ಲಿಯ ಜನರೂ ಈ ನಿಂತ ನೀರಿನ ಮೇಲೇ ಅನುಮಾನ ಪಡುತ್ತಿದ್ದರು. ಅನುಮಾನ ಸರಿಯೇ ಇತ್ತು. ಕೊರತೆ ಇದ್ದದ್ದು ನಡುವಿನ ಕೊಂಡಿ: ನೀರಿನೊಳಗಿನ ಯಾವುದು, ಹೇಗೆ, ಕಾಲಿನ ಹುಳುವಾಗುತ್ತದೆ?

ಇಲ್ಲಿ ಒಂದು ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಂಪ್ಫರ್ ಪದವಿ ಪಡೆದ ಲೈಡನ್ನಿನಿಂದ ಡೆಲ್ಫ್ಟ್ ಊರಿಗೆ ಅರ್ಧ ದಿನದ ದಾರಿ. ಡೆಲ್ಫ್ಟಿನಲ್ಲಿ ಆಗ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕೊಳದ ನೀರಿನ ಜೀವಿಗಳನ್ನು ನೋಡುತ್ತ ಕುಳಿತಿದ್ದ. ಒಬ್ಬ ಹುಳುವನ್ನು ಕಂಡವನು, ಒಬ್ಬ ನೀರಿನೊಳಗಿನ ಲೋಕವನ್ನು ಕಂಡವನು. ಇಬ್ಬರ ನೋಟ ಸೇರಿದ್ದರೆ ಎಷ್ಟು ಕಾಲು ಉಳಿಯುತ್ತಿದ್ದವೋ. ಸೇರಲು ಇನ್ನೂ 176 ವರ್ಷ ಬೇಕಾಯಿತು.

ಕೊಂಡಿ ಕೂಡಿದ ಬಗೆ

1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಈ ಹುಳುವನ್ನು ತನ್ನ ಪ್ರಾಣಿಪಟ್ಟಿಗೆ ಸೇರಿಸಿದ. 1870ರಲ್ಲಿ ರಷ್ಯದ ತರುಣ ವಿಜ್ಞಾನಿ ಅಲೆಕ್ಸಿ ಫೆದ್‌ಚೆಂಕೊ ಮಧ್ಯ ಏಷ್ಯಾದಲ್ಲಿ ಕೊಂಡಿಯನ್ನು ಕಂಡ. ನೀರಿಗೆ ಬಿದ್ದ ಹುಳುವಿನ ಮರಿಗಳನ್ನು ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಚಿಗಟ ನುಂಗುತ್ತದೆ. ಅದರ ದೇಹದೊಳಗೆ ಮರಿ ಎರಡು ವಾರದಷ್ಟು ಬೆಳೆದು ಸೋಂಕಿಗೆ ಸಿದ್ಧವಾಗುತ್ತದೆ. ಆ ನೀರು ಕುಡಿದವರ ಹೊಟ್ಟೆಯಲ್ಲಿ ಚಿಗಟ ಕರಗುತ್ತದೆ, ಮರಿ ಕರುಳು ಕೊರೆದು ದೇಹಕ್ಕೆ ಇಳಿಯುತ್ತದೆ. ಇಂಥ ಜೀವಿಯೊಂದು ನಡುವೆ ಇರಬಹುದೆಂದು ಸೂಚನೆ ಕೊಟ್ಟವನು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಲೊಯ್ಕಾರ್ಟ್. ಮೂರು ವರ್ಷದ ಬಳಿಕ ಫೆದ್‌ಚೆಂಕೊ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿ ಇಪ್ಪತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡ.

ಕೊಂಡಿ ಸಿಕ್ಕ ಮೇಲೆ ಕೆಲಸ ನಮ್ಮ ನಾಡಿನ ಹತ್ತಿರ ಬಂತು. ಬಾದಾಮಿ, ಹುನಗುಂದ ಆಗ ಮುಂಬಯಿ ಪ್ರಾಂತದವು. ಆ ಪ್ರಾಂತದ ರಾಜಧಾನಿಯಲ್ಲೇ 1910ರ ದಶಕದಲ್ಲಿ ತುರ್ಖುಡ್ ಎಂಬ ವೈದ್ಯರು, ಸೋಂಕಿನ ಸೈಕ್ಲಾಪ್ಸ್ ನುಂಗಿದ ಮನುಷ್ಯನಿಗೇ ನಾರು ಏಳುತ್ತದೆಂದು ತೋರಿಸಿದರು. 1930ರ ದಶಕದಲ್ಲಿ ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಸೀಮೆಯಲ್ಲಿ ಡಾ. ವಿ. ಎನ್. ಮೂರ್ತಿ ಊರೂರಿನ ಬಾವಿಗಳನ್ನು ಪರೀಕ್ಷಿಸಿದರು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಬಂದಿದ್ದ ಸ್ವೀಟ್ ಎಂಬುವರ ಜೊತೆ ಸೇರಿ, ಮೆಟ್ಟಿಲು ಬಾವಿಗಳಿಗೆ ಸಣ್ಣ ಮೀನು ಬಿಟ್ಟರೆ ಅವು ಸೈಕ್ಲಾಪ್ಸ್ ತಿಂದು ನೀರನ್ನು ಕಾಯುತ್ತವೆ ಎಂದು 1936ರಲ್ಲಿ ಪ್ರಕಟಿಸಿದರು. ಗಂಡುಹುಳುವಿನ ವಿವರವನ್ನು ಖಚಿತಪಡಿಸಿದ ಕೆಲಸದಲ್ಲೂ ಮೂರ್ತಿಯವರ ಪಾಲು ದೊಡ್ಡದು. ಈ ರೋಗದ ಲೋಕಚರಿತ್ರೆಯಲ್ಲಿ ಕರ್ನಾಟಕದ ಬಾವಿಯ ದಂಡೆಯಿಂದ ಬಂದ ಕೊಡುಗೆ ಇದು. ನಮ್ಮ ಶಾಲೆಯ ಪಾಠಗಳಲ್ಲಿ ಮೂರ್ತಿಯವರ ಹೆಸರು ಇರಬೇಕಿತ್ತು.

ಮೆಟ್ಟಿಲು ಇಳಿದ ಕಾಲು

ಈಗ ಬಾವಿಗೆ ಬರೋಣ. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಹರಿಯುವ ನಾಡಾದರೂ ಈ ಸೀಮೆಯ ಮಳೆ ತೀರ ಕಡಿಮೆ. ನದಿ ದಂಡೆ ಬಿಟ್ಟು ನಾಲ್ಕು ಮೈಲಿ ಒಳಗೆ ಹೋದರೆ ನೀರೆಂದರೆ ಬಾವಿ, ಹೊಂಡ, ಕೆರೆ. ಕಲ್ಲಿನ ನೆಲ. ಇಳಕಲ್ಲಿನ ಕೆಂಪು ಗ್ರಾನೈಟು ಇವತ್ತು ಪರದೇಶದ ನೆಲಹಾಸಾಗಿದೆ, ಅದೇ ಕಲ್ಲನ್ನು ಒಡೆದು ಬಾವಿ ತೋಡಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದಂತೆ ಜನವೂ ಇಳಿಯಬೇಕು, ಅದಕ್ಕೇ ಮೆಟ್ಟಿಲು. ಕಲ್ಲಿನಲ್ಲಿ ಮೆಟ್ಟಿಲು ಕಟ್ಟಿ ನೀರಿಗೆ ಇಳಿಯುವುದು ಈ ಸೀಮೆಯ ಹಳೆಯ ವಿದ್ಯೆ. ಬಾದಾಮಿಯ ಅಗಸ್ತ್ಯತೀರ್ಥ, ಮಹಾಕೂಟದ ಪುಷ್ಕರಣಿ, ಬನಶಂಕರಿಯ ಹೊಂಡ ನೋಡಿದರೆ ಕಣ್ಣು ತಂಪಾಗುತ್ತದೆ. ಊರಿನ ಮೆಟ್ಟಿಲು ಬಾವಿ ಆ ವಿದ್ಯೆಯ ದಿನಬಳಕೆಯ ರೂಪ.

ನಾರುಹುಳುವಿಗೆ ಬೇಕಾದದ್ದೂ ಅದೇ ಮೆಟ್ಟಿಲು. ಕೊಡ ತುಂಬಲು ಹೆಣ್ಣುಮಗಳು ಮೊಣಕಾಲಮಟ್ಟ ನೀರಿಗೆ ಇಳಿಯುತ್ತಾಳೆ. ಕಾಲಿನಲ್ಲಿ ಗುಳ್ಳೆ ಇದ್ದರೆ ತಣ್ಣೀರು ತಾಗಿ ಹಾಯೆನಿಸುತ್ತದೆ. ಆ ಗಳಿಗೆಯಲ್ಲೇ ಮರಿಗಳು ನೀರಿಗೆ ಬೀಳುತ್ತವೆ. ಅದೇ ನೀರು ಕೊಡಕ್ಕೆ, ಕೊಡದಿಂದ ಮನೆಯವರ ಬಾಯಿಗೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಸೈಕ್ಲಾಪ್ಸ್ ಒತ್ತೊತ್ತಾಗುತ್ತದೆ, ಸೋಂಕು ಆಗ ಜೋರು. ವರ್ಷ ಕಳೆದು ಮುಂದಿನ ಬೇಸಿಗೆಗೆ, ಮುಂಗಾರಿ ಮುಂಗಡಕ್ಕೆ ನಾರು ಏಳುತ್ತದೆ. ಹೊಲ ಹರಗುವ, ಕೂರಿಗೆ ಹೂಡುವ ಹೊತ್ತಿಗೆ ಸರಿಯಾಗಿ ಒಕ್ಕಲಿಗ ಹಾಸಿಗೆ ಹಿಡಿಯುತ್ತಾನೆ. ರೋಗ ಜೀವ ತೆಗೆಯುತ್ತಿದ್ದದ್ದು ಅಪರೂಪ, ಹಂಗಾಮು ತೆಗೆಯುತ್ತಿದ್ದದ್ದು ಖಂಡಿತ. ಇಳಕಲ್, ಗುಳೇದಗುಡ್ಡದ ನೇಕಾರನ ಪಾಡು ಬೇರೆಯಲ್ಲ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದರೇನೇ ಹಾಸು ಬಾಯಿ ಬಿಡುತ್ತದೆ, ಲಾಳಿ ಓಡುತ್ತದೆ. ಕಾಲಿನಿಂದ ನಾರು ಇಳಿಯುತ್ತಿದ್ದರೆ ಮಗ್ಗ ವಾರಗಟ್ಟಲೆ ನಿಂತಿತು ಎಂದೇ ಲೆಕ್ಕ. ಕೂಲಿ ನಿಂತ ಮನೆಗೆ ಸಾಲ ಬರುತ್ತದೆ.

ಬಡವರ ಕಾಲಿಗೇ ಇದು ಬರುತ್ತಿದ್ದದ್ದೇಕೆ ಎಂಬುದೂ ಈಗ ತಿಳಿಯುತ್ತದೆ. ಸ್ವಂತ ಸೇದುವ ಬಾವಿ ಇದ್ದವರ ನೀರಿಗೆ ಯಾರ ಕಾಲೂ ತಾಗುತ್ತಿರಲಿಲ್ಲ. ಊರೆಲ್ಲ ಇಳಿಯುವ ಬಾವಿಯನ್ನೇ ನಂಬಿದವರಿಗೆ ನೀರೂ ರೋಗವೂ ಒಟ್ಟಿಗೆ ಸಿಗುತ್ತಿತ್ತು.

ಬಟ್ಟೆ, ಕೊಡ, ಕಟ್ಟೆ

1983–84ರಲ್ಲಿ ಭಾರತ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಅದರ ಮುಂದಾಳು. ಕರ್ನಾಟಕವೂ ಸೇರಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ, 12,840 ಹಳ್ಳಿಗಳಲ್ಲಿ ರೋಗವಿತ್ತು. ರೋಗಿಗಳು ಸುಮಾರು 40 ಸಾವಿರ. ಮಾಡಿದ ಕೆಲಸಗಳ ಪಟ್ಟಿ ಓದಿದರೆ ಅಚ್ಚರಿಯಾಗುವಷ್ಟು ಸಾದಾ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದು. ನಾರು ಎದ್ದವರು ನೀರಿಗೆ ಇಳಿಯದಂತೆ ನೋಡಿಕೊಳ್ಳುವುದು. ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು. ಬಾವಿಗೆ ಟೆಮೆಫಾಸ್ ಎಂಬ ಔಷಧ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು. ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಇಳಿಯುವ ಬಾವಿಯನ್ನು ಸೇದುವ ಬಾವಿ ಮಾಡುವುದು. ಬೋರ್‌ವೆಲ್ ಕೊರೆಸಿ ಕೈಪಂಪು ಕೂರಿಸುವುದು. ಹದಿಮೂರು ವರ್ಷದಲ್ಲಿ 40 ಸಾವಿರ ಸೊನ್ನೆಗೆ ಬಂತು. ಮೂರು ವರ್ಷ ಕಾದು ನೋಡಿ 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣು ಮುಕ್ತ ದೇಶವೆಂಬ ಪ್ರಮಾಣಪತ್ರ ಕೊಟ್ಟಿತು. 1986ರಲ್ಲಿ ಲೋಕದಲ್ಲಿ 35 ಲಕ್ಷ ರೋಗಿಗಳಿದ್ದರೆಂಬ ಅಂದಾಜಿತ್ತು. 2023ರಲ್ಲಿ ಕಂಡುಬಂದವರು 14 ಜನ, ಎಲ್ಲರೂ ಆಫ್ರಿಕಾದವರು. ಅಲ್ಲಿ ನಾಯಿಗಳಲ್ಲೂ ಸೋಂಕು ಸಿಕ್ಕಿರುವುದರಿಂದ ಕೊನೆಯ ಹೆಜ್ಜೆ ತಡವಾಗುತ್ತಿದೆ.

ಹಾಗಾದರೆ ಗೆಲುವು ಯಾರದು? ವಿಜ್ಞಾನದ ಚರಿತ್ರೆಕಾರರು ಫೆದ್‌ಚೆಂಕೊನ ಹೆಸರು ಹೇಳುತ್ತಾರೆ, ಆಡಳಿತದವರು ಕಾರ್ಯಕ್ರಮದ ಹೆಸರು ಹೇಳುತ್ತಾರೆ, ನೀರು ಸರಬರಾಜಿನವರು ಕೈಪಂಪಿನ ಹೆಸರು. ಎಲ್ಲವೂ ನಿಜ. ನಮ್ಮಲ್ಲಿ ಕೆಲವರು ಹಿರಿಯರು ನೀರು ಸೋಸಿ ಕುಡಿಯುತ್ತಿದ್ದರು, ಅವರಿಗೆ ಎಲ್ಲ ಗೊತ್ತಿತ್ತು ಎನ್ನುತ್ತಾರೆ. ಸೋಸುವ ಮನೆಗಳು ಇದ್ದದ್ದು ನಿಜ, ಆದರೆ ಏಕೆ ಸೋಸಬೇಕೆಂಬುದು ತಿಳಿಯದಿದ್ದರೆ ಒಂದು ದಿನ ಬಿಟ್ಟರೂ ಚಿಂತೆಯಿಲ್ಲ ಎನಿಸುತ್ತದೆ. ಈ ಹುಳುವಿಗೆ ಒಂದು ದಿನ ಸಾಕು. ಅತ್ತ ಕೊಂಡಿ ಗೊತ್ತಾದರೂ ಬಾವಿಗೆ ಕಟ್ಟೆ ಬೀಳದಿದ್ದರೆ ಏನೂ ಆಗದು: ಫೆದ್‌ಚೆಂಕೊ ಕಂಡ ಮೇಲೂ ನಮ್ಮ ಸೀಮೆಯ ಮೂರು ತಲೆಮಾರು ಕಾಲಿಗೆ ಕಡ್ಡಿ ಸುತ್ತಿಕೊಂಡೇ ಬದುಕಿತು. ತಿಳಿವಳಿಕೆ ಗ್ರಂಥದಲ್ಲಿ ಇತ್ತು, ಬಾವಿಯ ದಂಡೆಗೆ ಬಂದಿರಲಿಲ್ಲ.

ಅದಕ್ಕೇ ನಾನು ಕೆಂಪ್ಫರನನ್ನು ನೆನೆಯುವುದು. ಆತ ಮಾಡಿದ ಕೆಲಸ, ಮನೆಮನೆಗೆ ಹೋಗಿ ಕಾಲು ತೋರಿಸಿ ಎಂದು ಕೇಳಿದ ಆರೋಗ್ಯ ಕಾರ್ಯಕರ್ತೆಯ ಕೆಲಸ, ಮೂರ್ತಿಯವರು ಬಾವಿಯೊಳಗೆ ಇಳಿದು ನೀರು ಮೊಗೆದ ಕೆಲಸ ಮೂರೂ ಒಂದೇ ಜಾತಿಯವು. ರೋಗಿ ಇರುವಲ್ಲಿಗೆ ಹೋಗುವುದು, ಬಗ್ಗಿ ನೋಡುವುದು, ಕಂಡದ್ದನ್ನು ಬರೆದಿಡುವುದು. ಔಷಧವಿಲ್ಲದ ರೋಗವನ್ನು ಕೊನೆಗೆ ಸೋಲಿಸಿದ್ದು ಈ ಬಗ್ಗಿ ನೋಡುವ ಗುಣ.

ಆ ಗುಣದ ಅಗತ್ಯ ಇನ್ನೂ ಮುಗಿದಿಲ್ಲ. ಮೆಟ್ಟಿಲು ಬಾವಿ ಬಿಟ್ಟು ನಾವು ಬೋರ್‌ವೆಲ್ಲಿಗೆ ಹೋದೆವು. ನಾರು ಹೋಯಿತು. ಆದರೆ ಆಳದ ಕಲ್ಲಿನೊಳಗಿನ ನೀರಿನಲ್ಲಿ ಫ್ಲೋರೈಡ್ ಇದೆ. ಬಾಗಲಕೋಟೆ ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಿಯಮ. ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯುತ್ತದೆ. ಇದು ಬಟ್ಟೆಯಲ್ಲಿ ಸೋಸಿದರೆ ಹೋಗುವಂಥದ್ದಲ್ಲ, ಕಾಲಿನಿಂದ ಎದ್ದು ಬಂದು ತಾನೇ ಮುಖ ತೋರಿಸುವುದೂ ಇಲ್ಲ. ಊರ ನೀರಿನ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು, ಅದರ ಅಂಕಿ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಓದುವಂತೆ ಕಾಣಬೇಕು, ಶುದ್ಧ ನೀರಿನ ಘಟಕ ಕೆಟ್ಟರೆ ಅದೇ ವಾರ ರಿಪೇರಿಯಾಗಬೇಕು.

ನಾರುಹುಣ್ಣಿನ ಕಲೆ ಹೊತ್ತ ಹಿರಿಯರು ಇನ್ನೂ ಹತ್ತಿಪ್ಪತ್ತು ವರ್ಷ ನಮ್ಮ ನಡುವೆ ಇರುತ್ತಾರೆ. ಶಾಲೆಯ ಮಕ್ಕಳನ್ನು ಅವರ ಬಳಿ ಕೂರಿಸಿ, ಕಣಕಾಲಿನ ಆ ಗುರುತಿನ ಕಥೆ ಕೇಳಿಸಬೇಕು. ಕೇಳಿ ಎದ್ದ ಮಕ್ಕಳಿಗೆ ತಮ್ಮ ಮನೆಯ ನೀರಿನಲ್ಲಿ ಏನಿದೆ ಎಂದು ಕೇಳಬೇಕೆನಿಸಿದರೆ, ಆ ಹಿರಿಯರು ಪಟ್ಟ ನೋವಿಗೆ ಒಂದು ಅರ್ಥ ಬಂದಂತೆ.